ವೇಲ್ಸ್ ಕಣಿವೆಯಲ್ಲಿ ನಮ್ಮ ಮೇಳ

ನಮ್ಮ ಮೇಳಕ್ಕೆ ಬೇಕಾಗಿದ್ದ ದನಿ ಹರಿಹರದ ಒಂದು ದೊಡ್ಡ ಮನೆಯ ಒಳಗಿತ್ತು. ಅದನ್ನು ಹೊರಗೆ ಕರೆತರಲು ನಾನು ದಾವಣಗೆರೆಯಿಂದ ಮೂರು ಭಾನುವಾರ ರೈಲು ಹತ್ತಿ ಹೋಗಿ ಬಂದೆ.

ಅರವತ್ತರ ದಶಕದ ಮೊದಲ ವರ್ಷಗಳ ಮಾತು. ದಾವಣಗೆರೆಯ ಒಂದು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ನಾನು ಸಂಗೀತದ ಟೀಚರಾಗಿದ್ದೆ. ಹರಿಹರದಲ್ಲಿ ಆಗ ಒಬ್ಬ ವಿದೇಶಿ ನರ್ಸಮ್ಮ ಇದ್ದರು. ಇಂಗ್ಲೆಂಡಿಗೆ ಅಂಟಿಕೊಂಡಂತಿರುವ ವೇಲ್ಸ್ ಎಂಬ ಗುಡ್ಡಗಾಡಿನವರು. ನಮ್ಮ ಶಾಲೆಯ ವಾರ್ಷಿಕೋತ್ಸವದಲ್ಲಿ ಹುಡುಗಿಯರು ಹಾಡಿದ ವಚನ ಕೇಳಿದ ಮೇಲೆ ಅವರು ನನ್ನನ್ನು ಬಿಡಲಿಲ್ಲ. ತಮ್ಮ ಕಣಿವೆಯಲ್ಲಿ ಪ್ರತಿ ಬೇಸಿಗೆ ಹಲವು ದೇಶಗಳ ಮೇಳಗಳು ಸೇರಿ ಸ್ಪರ್ಧೆಗೆ ಹಾಡುತ್ತವೆ, ನೀವೂ ಬರಬೇಕು ಎಂದರು. ಅವರೇ ಅಲ್ಲಿಗೆ ಬರೆದರು. ಆಹ್ವಾನ ಬಂತು. ಪ್ರಯಾಣದ ಖರ್ಚನ್ನು ಊರಿನ ವರ್ತಕರು ತಮ್ಮಲ್ಲೇ ಹಂಚಿಕೊಂಡರು. ಇನ್ನು ಉಳಿದದ್ದು ನನ್ನ ಕೆಲಸ: ಮೇಳ ಕಟ್ಟುವುದು.

ಹದಿನಾಲ್ಕು ದನಿಗಳು ಬೇಗ ಸಿಕ್ಕವು. ಅರ್ಧದಷ್ಟು ನನ್ನ ಹಳೆಯ ವಿದ್ಯಾರ್ಥಿನಿಯರು, ಉಳಿದವರು ಪ್ರೈಮರಿ ಶಾಲೆಯ ಟೀಚರುಗಳು ಮತ್ತು ಪಕ್ಕದ ಹದಡಿ ಹಳ್ಳಿಯ ಒಕ್ಕಲು ಮನೆಯ ಒಬ್ಬ ಹುಡುಗಿ. ಎಲ್ಲವೂ ಮೇಲಿನ ದನಿಗಳೇ. ಗುಂಪಿನ ಹಾಡಿಗೆ ಒಂದು ತಳ ಬೇಕು. ಮಂದ್ರಕ್ಕೆ ಇಳಿದಾಗಲೂ ತುಂಬಿಕೊಂಡೇ ಇರುವ, ಮೊದಲ ಸಾಲು ಎತ್ತಿಕೊಟ್ಟರೆ ಉಳಿದವರು ಧೈರ್ಯದಿಂದ ಹಿಂಬಾಲಿಸುವಂಥ ದನಿ ಬೇಕು. ಅದು ಹರಿಹರದ ಒಬ್ಬ ಕಾಳಿನ ವರ್ತಕರ ಸೊಸೆಯದು. ಮದುವೆಗೆ ಮೊದಲು ನನ್ನಲ್ಲೇ ಕಲಿತವಳು.

ಅವಳ ಅತ್ತೆ ನನ್ನನ್ನು ಪಡಸಾಲೆಯಲ್ಲಿ ಕೂಡಿಸಿ ಮಜ್ಜಿಗೆ ಕೊಟ್ಟರು.

"ಹಾಡಾಕೆ ಬ್ಯಾಡ ಅನ್ನಲ್ಲ ನಾನು," ಎಂದರು. "ದಿನಾ ಅಡಿಗಿಮನ್ಯಾಗ ಹಾಡ್ತಾಳೆ, ಕೇಳ್ತೀನಿ. ಆದ್ರೆ ಮಂದಿ ಮನ್ಯಾಗ ಇಳಕಣದು ಅಂದ್ರೆ ಹೆಂಗ್ರೀ? ಅವರು ಏನು ತಿಂತಾರೋ, ಯಾವ ಪಾತ್ರ್ಯಾಗ ಬೇಯಿಸ್ತಾರೋ. ನಾವು ಬೆಳಿಗ್ಗೆದ್ದು ಸ್ನಾನ ಮಾಡಿ ಲಿಂಗಪೂಜಿ ಮಾಡೋರು. ಆ ಜಾಗ ಯಾರು ಕೊಡ್ತಾರೆ?"

ಆ ಉತ್ಸವಕ್ಕೆ ಹೊರದೇಶದಿಂದ ಬಂದವರು ಹೋಟೆಲಿನಲ್ಲಿ ಇಳಿಯುವುದಿಲ್ಲ, ಊರವರ ಮನೆಗಳಲ್ಲೇ ಇರಬೇಕು. ಅದು ಅಲ್ಲಿಯ ಪದ್ಧತಿ. ನನಗೆ ಅದು ಸಂತೋಷದ ಸಂಗತಿಯಾಗಿತ್ತು. ಈ ಮನೆಯಲ್ಲಿ ಅದೇ ತೊಡಕಾಯಿತು. ಎರಡನೆಯ ಭಾನುವಾರ ನರ್ಸಮ್ಮನನ್ನೇ ಜೊತೆಗೆ ಕರೆದುಕೊಂಡು ಹೋದೆ.

"ಅಲ್ಲಿ ನೀರು ಐತೇನವ್ವಾ?" ಎಂದು ಅತ್ತೆ ಕೇಳಿದರು.

"ನೀರು? ಅಮ್ಮಾ, ಅಲ್ಲಿ ಮಳೆ ನಿಲ್ಲೋದೇ ಇಲ್ಲ," ಎಂದರು ನರ್ಸಮ್ಮ, ತಮ್ಮ ಆಸ್ಪತ್ರೆಯ ಕನ್ನಡದಲ್ಲಿ. ಅತ್ತೆ ನಗಲಿಲ್ಲ. ಕಟ್ಟಿಗೆ, ಒಲೆ, ಬಚ್ಚಲು, ಬಾಗಿಲ ಚಿಲಕ, ಎಲ್ಲವನ್ನೂ ಒಂದೊಂದಾಗಿ ಕೇಳಿದರು. ನರ್ಸಮ್ಮ ಒಂದಕ್ಕೂ ಸುಳ್ಳು ಹೇಳಲಿಲ್ಲ. ಬಚ್ಚಲಮನೆ ಎಷ್ಟೋ ಮನೆಗಳಲ್ಲಿ ಇಲ್ಲ ಎಂದೂ ಹೇಳಿಬಿಟ್ಟರು. ನಾನು ಮನಸ್ಸಿನಲ್ಲೇ ಆ ದನಿಯ ಆಸೆ ಬಿಟ್ಟೆ.

ಮೂರನೆಯ ಭಾನುವಾರ ಹೋಗಿದ್ದು ಕೊನೆಯ ಮಾತು ಕೇಳಿಕೊಂಡು ಬರಲು. ವರ್ತಕರು ಪೇಪರ್ ಓದುತ್ತಾ ಕೂತಿದ್ದರು.

"ಆಕಿ ಒಬ್ಬಾಕೀನ ಕಳಿಸಲ್ಲ," ಎಂದರು ಅತ್ತೆ. "ನಾನೂ ಬರ್ತೀನಿ."

"ನೀವಾ?"

"ಯಾಕ, ನನಗೇನು ಕಾಲಿಲ್ಲೇನು?"

ವರ್ತಕರು ಪೇಪರನ್ನು ಕೆಳಗಿಳಿಸಿ ಹೆಂಡತಿಯ ಮುಖ ನೋಡಿದರು. ಆಮೇಲೆ ಅದನ್ನು ಮತ್ತೆ ಮೇಲಕ್ಕೆತ್ತಿಕೊಂಡರು.

*

ಆರು ತಿಂಗಳು ಅಭ್ಯಾಸ ಮಾಡಿದೆವು. ಶಾಲೆ ಬಿಟ್ಟ ಮೇಲೆ ಬೆಂಚುಗಳನ್ನು ಗೋಡೆಗೆ ಸರಿಸಿ ನಿಲ್ಲುತ್ತಿದ್ದೆವು. ನಮ್ಮ ಕಡೆ ಗುಂಪಿನಲ್ಲಿ ಹಾಡುವುದೆಂದರೆ ಎಲ್ಲರೂ ಕೂತು, ಹಾರ್ಮೋನಿಯಂ ಪೇಟಿಯ ದನಿಯ ಆಸರೆಯಲ್ಲಿ, ಯಾರಿಗೆ ಎಲ್ಲಿ ಬೇಕೋ ಅಲ್ಲಿ ಸೇರಿಕೊಳ್ಳುವುದು. ಭಜನೆಗೆ ಅದು ಸಾಕು. ಸ್ಪರ್ಧೆಗೆ ಸಾಲದು. ಸಾಲಿನ ಕೊನೆಯ ಅಕ್ಷರ ಹದಿನೈದು ಬಾಯಿಗಳಲ್ಲೂ ಒಟ್ಟಿಗೇ ಮುಗಿಯಬೇಕು. 'ಸ'ಕಾರ ಬಂದಲ್ಲಿ ಹಾವು ಬುಸುಗುಟ್ಟಿದಂತೆ ಕೇಳಬಾರದು. ಗಮಕ ಇದ್ದಲ್ಲಿ ಒಬ್ಬಳು ಅರ್ಧ ಜಾರಿ ಇನ್ನೊಬ್ಬಳು ಪೂರ್ತಿ ಜಾರಿದರೆ ಅದು ಗಮಕವಲ್ಲ, ಗದ್ದಲ. ಒಂದೊಂದು ಸಾಲನ್ನು ಮೊದಲು ಮಾತಿನಂತೆ ಆಡಿಸಿದೆ, ಆಮೇಲೆ ಸ್ವರದಲ್ಲಿ, ಆಮೇಲೆ ಎರಡನ್ನೂ ಕೂಡಿಸಿ. ಶ್ರುತಿ ಕರಿ ನಾಲ್ಕಕ್ಕೆ ಇಟ್ಟೆವು, ಅಂದರೆ ಪೇಟಿಯಲ್ಲಿ ಬೆರಳೊತ್ತುವ ನಾಲ್ಕನೆಯ ಕಪ್ಪು ಮನೆ. ಹಾಡಬೇಕಾದವು ಎರಡು: ಒಂದು ವಚನ, ಒಂದು ಬೀಸೋ ಪದ. ಎರಡರಲ್ಲೂ ಹರಿಹರದ ಸೊಸೆ ಮೊದಲು ಎತ್ತಿಕೊಡುತ್ತಾಳೆ, ಉಳಿದವರು ಹಿಡಿಯುತ್ತಾರೆ.

ಪಾಸ್‌ಪೋರ್ಟಿಗೆ ಫೋಟೋ ತೆಗೆಸಿದೆವು, ಸಿಡುಬು ಕಾಲರಾಗಳಿಗೆ ಚುಚ್ಚಿಸಿಕೊಂಡೆವು. ಸೂಜಿ ನೋಡಿ ಅತ್ತೆ ಡಾಕ್ಟರರಿಗೆ, "ಎಡಗೈಗೆ ಚುಚ್ರಿ, ಬಲಗೈಗೆ ರೊಟ್ಟಿ ಬಡಿಯೋ ಕೆಲಸ ಐತೆ," ಎಂದರು. ಅವರು ಬಾಂಬೆ ಬಂದರಿಗೆ ಬಂದಾಗ ಜೊತೆಗೆ ಒಂದು ಡಬ್ಬಿ ಜೋಳದ ಹಿಟ್ಟು, ಶೇಂಗಾ ಚಟ್ನಿಪುಡಿ, ಮಂಡಕ್ಕಿಯ ಚೀಲ ಮತ್ತು ತಮ್ಮದೇ ಕಬ್ಬಿಣದ ಹೆಂಚು ಇತ್ತು.

ಹಡಗಿನ ಪ್ರಯಾಣದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮೊದಲ ವಾರ ಅರ್ಧ ಮೇಳ ಮಲಗಿತ್ತು. ಎದ್ದ ಮೇಲೆ ಡೆಕ್ಕಿನ ಮೇಲೆ ಅಭ್ಯಾಸ ಮಾಡಿದೆವು. ಗಾಳಿಗೆ ಒಬ್ಬರ ದನಿ ಒಬ್ಬರಿಗೆ ಕೇಳುತ್ತಿರಲಿಲ್ಲ. ಆದರೆ ನಿಜವಾದ ನಷ್ಟ ನಮಗೆ ಗೊತ್ತೇ ಆಗದಂತೆ ಪೆಟ್ಟಿಗೆಯೊಳಗೆ ನಡೆಯುತ್ತಿತ್ತು. ಸಮುದ್ರದ ಉಪ್ಪುಗಾಳಿ ಪೇಟಿಯ ಒಳಗೆ ಹೊಕ್ಕು ಹಿತ್ತಾಳೆಯ ನಾಲಗೆಗಳನ್ನು ಕಚ್ಚಿಹಿಡಿಸಿತ್ತು. ಲಂಡನ್ನಿನಲ್ಲಿ ಇಳಿದು ತೆರೆದು ನೋಡಿದಾಗ ಅರ್ಧಕ್ಕರ್ಧ ಮನೆಗಳು ಮೂಕವಾಗಿದ್ದವು.

*

ಆ ಊರು ಒಂದು ಕಣಿವೆ. ಎರಡೂ ಬದಿಯ ಗುಡ್ಡಗಳ ಮೇಲೆ ಸಾಲು ಸಾಲು ಕಲ್ಲಿನ ಮನೆಗಳು, ಕೆಳಗೆ ಹೊಳೆ, ತುದಿಯಲ್ಲಿ ಕಲ್ಲಿದ್ದಲ ಗಣಿಯ ಚಕ್ರ. ರೈಲು ಸ್ಟೇಷನ್ನಿನಲ್ಲಿ ಆತಿಥೇಯರು ನಮ್ಮ ಹೆಸರು ಬರೆದ ಹಲಗೆ ಹಿಡಿದು ನಿಂತಿದ್ದರು. ನನ್ನನ್ನೂ ಅತ್ತೆ-ಸೊಸೆಯರನ್ನೂ ಒಂದೇ ಮನೆಗೆ ಹಾಕಿದ್ದರು, ಭಾಷೆಯ ಕಾರಣಕ್ಕೆ. ಮನೆಯಾತ ಗಣಿಯ ಕೆಲಸಗಾರ, ಮಾತು ಕಡಿಮೆ. ಮನೆಯಾಕೆ ಎತ್ತರದ ಹೆಂಗಸು, ಏಪ್ರನ್ನಿಗೆ ಕೈ ಒರೆಸುತ್ತಲೇ ಇರುವವರು. ಅವರಿಬ್ಬರೂ ತಮ್ಮೊಳಗೆ ಮಾತಾಡುತ್ತಿದ್ದುದು ಇಂಗ್ಲಿಷಲ್ಲ, ಅವರದೇ ನುಡಿ. ನನ್ನ ಹಾಗೆ ಅವರೂ ಇಂಗ್ಲಿಷನ್ನು ಸ್ವಲ್ಪ ಯೋಚಿಸಿಯೇ ಆಡುತ್ತಿದ್ದರು. ಅದರಿಂದ ನನಗೆ ಎಷ್ಟು ಸಮಾಧಾನವಾಯಿತೆಂದರೆ, ಮೊದಲ ದಿನವೇ ನನ್ನ ಇಂಗ್ಲಿಷಿನ ಭಯ ಹೋಯಿತು.

ಮೊದಲ ಊಟಕ್ಕೆ ಮನೆಯಾಕೆ ಆಲೂಗಡ್ಡೆ ತುಂಬಿದ ಒಂದು ದೊಡ್ಡ ಕಡುಬಿನಂಥದ್ದನ್ನು ಮಾಡಿ ಮೇಜಿನ ಮೇಲಿಟ್ಟಿದ್ದರು. ನಾವು ಕೈ ತೊಳೆದು ಬರುವಷ್ಟರಲ್ಲಿ ಅದು ಮೇಜಿನ ಮೇಲಿರಲಿಲ್ಲ. ಆಕೆ ಅಡುಗೆಮನೆಯಲ್ಲಿ ಅಳುತ್ತಾ ನಿಂತಿದ್ದರು.

"ಮಾಂಸ ಹಾಕಿರಲಿಲ್ಲ," ಎಂದರು ನನಗೆ. "ಆದರೆ ಹಿಟ್ಟಿಗೆ ಹಾಕಿದ್ದು ಹಂದಿಯ ಕೊಬ್ಬು. ಅಭ್ಯಾಸಬಲ. ಈಗ ನೆನಪಾಯಿತು. ನೀವು ತಿಂದುಬಿಟ್ಟಿದ್ದರೆ?"

ನಾನು ಅತ್ತೆಗೆ ಕನ್ನಡದಲ್ಲಿ ಹೇಳಿದೆ. ಏನಾಗುತ್ತದೋ ಎಂದು ಹೆದರಿಕೊಂಡೇ ಹೇಳಿದೆ. ಅತ್ತೆ ಒಂದು ಕ್ಷಣ ಆಕೆಯನ್ನೇ ನೋಡಿದರು.

"ಮುಚ್ಚಿಟ್ಟಿದ್ರೆ ನಮಗೇನು ಗೊತ್ತಾಗ್ತಿತ್ತು?" ಎಂದರು. "ಬಾಯಿಬಿಟ್ಟು ಹೇಳಿದಳಲ್ಲ. ಅಳಬ್ಯಾಡ ಅನ್ರಿ ಆಕೀಗೆ. ಒಲಿ ಎಲ್ಲೈತೆ ಕೇಳ್ರಿ."

ಆ ಸಂಜೆ ಕಲ್ಲಿದ್ದಲ ಒಲೆಯ ಮೇಲೆ ಹರಿಹರದ ಹೆಂಚಿಟ್ಟು ರೊಟ್ಟಿ ಬಡಿದರು. ಗಣಿಯಾತ ನಾಲ್ಕು ರೊಟ್ಟಿ ತಿಂದು, ಚಟ್ನಿಪುಡಿಗೆ ಕಣ್ಣಲ್ಲಿ ನೀರು ತಂದುಕೊಂಡು, ಇನ್ನೊಂದು ಕೇಳಿದ. ಮರುದಿನದಿಂದ ಅಡುಗೆಮನೆಯಲ್ಲಿ ಇಬ್ಬರು ಯಜಮಾನಿಯರು. ಒಬ್ಬರು ಕನ್ನಡದಲ್ಲಿ, ಇನ್ನೊಬ್ಬರು ತಮ್ಮ ನುಡಿಯಲ್ಲಿ ಮಾತಾಡುತ್ತಿದ್ದರು. ಅನುವಾದಕ್ಕೆ ನನ್ನನ್ನು ಕರೆಯುವುದನ್ನೂ ಬಿಟ್ಟರು.

ಸ್ನಾನದ ಪ್ರಶ್ನೆಯನ್ನು ಬಗೆಹರಿಸಿದ್ದು ಮನೆಯಾತ. ಬಚ್ಚಲಮನೆ ಇರಲಿಲ್ಲ, ತಗಡಿನ ತೊಟ್ಟಿಯೊಂದು ಹಿತ್ತಲ ಗೋಡೆಗೆ ನೇತಾಡುತ್ತಿತ್ತು. ಆತ ಬೆಳಿಗ್ಗೆ ಎದ್ದು ಒಲೆ ಹೊತ್ತಿಸಿ, ದೊಡ್ಡ ಕಡಾಯಿಯಲ್ಲಿ ನೀರು ಕಾಯಲಿಟ್ಟು, ತೊಟ್ಟಿಯನ್ನು ಹಿಂದಿನ ಕೋಣೆಗೆ ತಂದಿಡುತ್ತಿದ್ದ. ಆಮೇಲೆ ಟೋಪಿ ಹಾಕಿಕೊಂಡು ಮನೆಯ ಹೊರಗೆ ಹೋಗಿ, ಬೀದಿಯಲ್ಲಿ ಪೈಪು ಸೇದುತ್ತಾ ನಿಲ್ಲುತ್ತಿದ್ದ. ನಾವು ಮೂವರೂ ಸ್ನಾನ ಮುಗಿಸಿ, ಮನೆಯಾಕೆ ಬಾಗಿಲು ತೆರೆದು ಕರೆಯುವ ತನಕ ಒಳಗೆ ಬರುತ್ತಿರಲಿಲ್ಲ. ಜಿನುಗುಮಳೆಯಿದ್ದರೂ ಅಷ್ಟೆ. ಲಿಂಗಪೂಜೆಗೆಂದು ಮುಂದಿನ ಕೋಣೆಯಲ್ಲಿ ಕಿಟಕಿಯ ಹತ್ತಿರ ಒಂದು ಸಣ್ಣ ಮೇಜಿಗೆ ಒಗೆದ ಬಿಳಿ ಬಟ್ಟೆ ಹಾಸಿಟ್ಟಿದ್ದರು. ಅತ್ತೆ ಎಡ ಅಂಗೈಯಲ್ಲಿ ಲಿಂಗವಿಟ್ಟುಕೊಂಡು ಕಣ್ಣು ಮುಚ್ಚಿದಾಗ ಮನೆಯಾಕೆ ಪಕ್ಕದ ಕೋಣೆಯಲ್ಲಿ ಪಾತ್ರೆಯ ಸದ್ದು ಕೂಡ ಮಾಡುತ್ತಿರಲಿಲ್ಲ.

"ನಮ್ಮನಿ ಗಂಡಸ್ರು ಹಿಂಗೆ ಮಳ್ಯಾಗ ನಿಂತಾರೇನ್ರೀ?" ಎಂದು ಅತ್ತೆ ಒಮ್ಮೆ ನನ್ನ ಕಿವಿಯಲ್ಲಿ ಕೇಳಿದರು. ಸೊಸೆ ನಕ್ಕಳು. ಆಮೇಲೆ ಕೆಮ್ಮಿದಳು.

*

ಆ ಕೆಮ್ಮಿನಿಂದ ಶುರುವಾದದ್ದು ಮೂರನೆಯ ದಿನಕ್ಕೆ ದನಿಯನ್ನೇ ನುಂಗಿತು. ಅವಳ ಗಂಟಲಿಂದ ಗಾಳಿ ಬರುತ್ತಿತ್ತು, ಸ್ವರ ಬರುತ್ತಿರಲಿಲ್ಲ. ಅತ್ತೆ ಮೆಣಸು ಶುಂಠಿಯ ಕಷಾಯ ಕುಡಿಸಿದರು. ಮನೆಯಾಕೆ ಕಪ್ಪು ಹಣ್ಣಿನ ಬಿಸಿ ರಸ ಕುಡಿಸಿದರು. ಇಬ್ಬರೂ ಸರದಿಯ ಮೇಲೆ ಅವಳ ಕತ್ತಿಗೆ ಬಟ್ಟೆ ಸುತ್ತಿದರು. ಊರಿನ ಡಾಕ್ಟರು ನೋಡಿ, ಒಂದು ವಾರ ಮಾತೂ ಆಡಬಾರದು ಎಂದು ಹೇಳಿ ಹೋದರು. ಸ್ಪರ್ಧೆಗೆ ಅಷ್ಟು ದಿನ ಉಳಿದಿರಲಿಲ್ಲ.

ಉಳಿದ ಹದಿನಾಲ್ಕು ಜನರ ಸ್ಥಿತಿಯೂ ಹೇಳಿಕೊಳ್ಳುವಂಥದ್ದಲ್ಲ. ಚಳಿಗೆ ಗಂಟಲುಗಳು ಬಿಗಿದಿದ್ದವು. ತಾರಕಕ್ಕೆ ಹೋದರೆ ದನಿ ಸೀಳುತ್ತಿತ್ತು. ಎಲ್ಲರೂ ಬೇರೆ ಬೇರೆ ಮನೆಗಳಲ್ಲಿ, ಗುಡ್ಡದ ಆಚೆ ಈಚೆ. ದಿನಕ್ಕೊಮ್ಮೆ ಒಂದು ಚರ್ಚಿನ ಕೆಳಗಿನ ಹಾಲಿನಲ್ಲಿ ಸೇರುತ್ತಿದ್ದೆವು. ಆ ಚರ್ಚಿಗೊಂದು ಗಂಡಸರ ಮೇಳವಿತ್ತು. ಅದನ್ನು ನಡೆಸುತ್ತಿದ್ದವರು ಬಿಳಿ ಮೀಸೆಯ ಒಬ್ಬ ಮಾಸ್ತರರು, ನಮ್ಮ ಅಭ್ಯಾಸ ಕೇಳಲು ಬಂದು ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದರು. ಸೊಸೆಯಿಲ್ಲದೆ ನಾವು ತಡವರಿಸುವುದನ್ನು ನೋಡಿ ಅವರಿಗೆ ಸುಮ್ಮನಿರಲಾಗಲಿಲ್ಲ.

"ನಿಮ್ಮ ರಾಗ ಚೆನ್ನಾಗಿದೆ," ಎಂದರು. "ಆದರೆ ಒಂದೇ ಎಳೆ. ಇಲ್ಲಿಯ ತೀರ್ಪುಗಾರರ ಕಿವಿಗೆ ನಾಲ್ಕು ಎಳೆ ಬೇಕು. ನೀವು ಒಪ್ಪಿದರೆ ನಾನು ಬರೆದುಕೊಡುತ್ತೇನೆ. ಮೇಲಿನ ಸಾಲು ರಾಗ ಹಾಡಲಿ, ಕೆಳಗಿನ ಸಾಲುಗಳು ಅದಕ್ಕೆ ಜೊತೆ ಸ್ವರ ಹಿಡಿಯಲಿ. ಒಬ್ಬಳ ದನಿ ಹೋದದ್ದು ಯಾರಿಗೂ ತಿಳಿಯುವುದಿಲ್ಲ."

ಒಳ್ಳೆಯ ಮನಸ್ಸಿನಿಂದ ಹೇಳಿದ ಮಾತು. ಮತ್ತು ತಾಂತ್ರಿಕವಾಗಿ ಸರಿಯಾದದ್ದು. ಅವರು ಅಂದೇ ಬರೆದುಕೊಟ್ಟರು. ಮರುದಿನ ಮಧ್ಯಾಹ್ನವೆಲ್ಲ ಅದನ್ನು ಕಲಿತೆವು. ನನ್ನ ಹುಡುಗಿಯರು ಬೇಗ ಹಿಡಿದರು. ಆ ಹಾಲಿನ ಎತ್ತರದ ಛಾವಣಿಯ ಕೆಳಗೆ ನಾಲ್ಕು ಸ್ವರಗಳು ಒಟ್ಟಿಗೆ ಏಳುವಾಗ ನನಗೇ ಮೈ ಜುಮ್ಮೆಂದಿತು. ಇದೇ ದಾರಿ ಎಂದುಕೊಂಡೆ. ಮಾಸ್ತರರು ಸಂತೋಷದಿಂದ ಕೈ ಉಜ್ಜಿಕೊಂಡರು.

ವಿರಾಮದಲ್ಲಿ ಹದಡಿಯ ಹುಡುಗಿ ನನ್ನ ಹತ್ತಿರ ಬಂದಳು. ಅವಳನ್ನು ಕೆಳಗಿನ ಸಾಲಿಗೆ ಹಾಕಿದ್ದೆ.

"ಅಕ್ಕಾರೆ, ಒಂದು ಮಾತು. ಬೈಬ್ಯಾಡ್ರಿ."

"ಹೇಳು."

"ನಮ್ಮ ಸಾಲಿಗೆ ಹಾಡೇ ಇಲ್ಲ. ಬರೀ ಊರುಗೋಲು ಐತೆ. ಮ್ಯಾಲಿನ ನಾಕು ಮಂದಿ ಹಾಡ್ತಾರೆ, ನಾವು ಹಿಡ್ಕಂಡು ನಿಂತಿರ್ತೀವಿ. ಅಪ್ಪ ಕೇಳ್ತಾನೆ, ಅಲ್ಲಿ ಹೋಗಿ ಯಾವ ಹಾಡು ಹಾಡಿದಿ ಅಂತ. ನಾನು ಇದನ್ನ ಹಾಡಿ ತೋರಿಸಿದ್ರೆ ಅವನಿಗೆ ಯಾವ ಹಾಡು ಅಂತನೂ ಗೊತ್ತಾಗಲ್ಲ."

ಹಾಲಿನಿಂದ ಹೊರಗೆ ಬಂದು ಹೊಳೆಯ ಸೇತುವೆಯ ತನಕ ಒಬ್ಬಳೇ ನಡೆದೆ. ಅವಳು ಹೇಳಿದ್ದು ಬರೀ ಮುನಿಸಿನ ಮಾತಲ್ಲ ಎಂದು ನನಗೆ ಗೊತ್ತಿತ್ತು. ಒಳಗೊಳಗೇ ನನ್ನ ಕಿವಿಯೂ ಅದನ್ನೇ ಹೇಳುತ್ತಿತ್ತು. ಜೊತೆ ಸ್ವರಗಳಿಗೆ ಹೊಂದಲು ನಾವು ಗಮಕಗಳನ್ನೆಲ್ಲ ಉಜ್ಜಿ ನೆಟ್ಟಗೆ ಮಾಡಿದ್ದೆವು. ಬೀಸೋ ಪದದಲ್ಲಿ ಕಲ್ಲು ತಿರುಗುವ ಎಳೆತವೇ ಇಲ್ಲವಾಗಿತ್ತು. ಹತ್ತು ಜನ ತಮ್ಮ ಹಾಡನ್ನು ಬಿಟ್ಟುಕೊಟ್ಟು ನಾಲ್ಕು ಜನರಿಗೆ ಮೆಟ್ಟಿಲಾಗಿದ್ದರು. ಅಲ್ಲಿಯ ಮೇಳಗಳಿಗೆ ಅದು ತಲೆಮಾರುಗಳ ವಿದ್ಯೆ. ಅವರ ಕೆಳಸಾಲಿನವನಿಗೆ ತನ್ನ ಸಾಲೂ ಹಾಡಾಗಿಯೇ ಕೇಳುತ್ತದೆ. ನಮ್ಮದು ಒಂದು ಮಧ್ಯಾಹ್ನದ ಅನುಕರಣೆ.

ಹಾಗೆಂದು ಹಳೆಯ ರೀತಿಯಲ್ಲೇ ಹಾಡಲು ಸಾಧ್ಯವಿರಲಿಲ್ಲ. ಎತ್ತಿಕೊಡುವ ದನಿ ಇರಲಿಲ್ಲ.

ಅಂದು ಸಂಜೆ ಗಣಿಯಾತ ತನ್ನ ಮೇಳದ ಅಭ್ಯಾಸಕ್ಕೆ ನನ್ನನ್ನು ಕರೆದುಕೊಂಡು ಹೋದ. ಅವನೂ ಅದೇ ಚರ್ಚಿನ ಮೇಳದಲ್ಲಿ ಹಾಡುವವನು. ಮಾಸ್ತರರು ಕೈಯಾಡಿಸುತ್ತಿದ್ದರು. ಈ ಸಲ ನಾನು ಸ್ವರಗಳ ಕೂಟ ಕೇಳಲಿಲ್ಲ, ಬಾಯಿಗಳನ್ನು ನೋಡಿದೆ. ಒಂದು ಉದ್ದದ ಸಾಲು ಕೊನೆಯೇ ಇಲ್ಲದಂತೆ ಹೋಗುತ್ತಿತ್ತು. ಇಷ್ಟು ಹೊತ್ತು ಇವರು ಉಸಿರು ಎಲ್ಲಿಂದ ತರುತ್ತಾರೆ? ನೋಡನೋಡುತ್ತ ತಿಳಿಯಿತು. ಒಬ್ಬ ಬಾಯಿ ಮುಚ್ಚುತ್ತಾನೆ, ಉಸಿರು ಎಳೆದುಕೊಂಡು ಸದ್ದಿಲ್ಲದೆ ಮತ್ತೆ ಸೇರುತ್ತಾನೆ. ಅಷ್ಟರ ತನಕ ಪಕ್ಕದವನು ಸಾಲನ್ನು ಹಿಡಿದಿರುತ್ತಾನೆ. ಇಬ್ಬರೂ ಒಟ್ಟಿಗೆ ಎಂದೂ ಬಿಡುವುದಿಲ್ಲ.

ನಮ್ಮಲ್ಲಿ ಸಾಲು ಮುಗಿದಲ್ಲಿ ಎಲ್ಲರೂ ಒಟ್ಟಿಗೆ ಉಸಿರೆಳೆದುಕೊಳ್ಳುತ್ತಿದ್ದೆವು. ಆ ಸಂದಿಯನ್ನು ತುಂಬುತ್ತಿದ್ದುದು ಸೊಸೆಯ ದನಿ. ಆ ಸಂದಿಯೇ ಇಲ್ಲದಿದ್ದರೆ?

ಮರುದಿನ ಬೆಳಿಗ್ಗೆ ಮೇಳದ ಎದುರು ಹೇಳಿಬಿಟ್ಟೆ. ನಾಲ್ಕು ಎಳೆ ಬೇಡ. ಒಂದೇ ಎಳೆ. ಎಲ್ಲರೂ ಪೂರ್ತಿ ಹಾಡು ಹಾಡಬೇಕು. ಎತ್ತಿಕೊಡುವವರು ಯಾರೂ ಇಲ್ಲ, ಹಿಡಿಯುವವರೂ ಇಲ್ಲ. ಶ್ರುತಿಯನ್ನು ಒಂದು ಸ್ವರ ಇಳಿಸಿ ಕರಿ ಮೂರಕ್ಕೆ ತಂದೆ, ಚಳಿಯ ಗಂಟಲುಗಳಿಗಾಗಿ. ಗಣಿಯಾತ ನಮ್ಮ ಪೇಟಿಯನ್ನು ಬಿಚ್ಚಿ ಒಲೆಯ ಹತ್ತಿರ ಒಣಗಿಸಿ ಕೆಲವು ನಾಲಗೆಗಳನ್ನು ಬದುಕಿಸಿದ್ದ. ಅದರಲ್ಲಿ ಕರಿ ನಾಲ್ಕು ಇರಲಿಲ್ಲ, ಕರಿ ಮೂರು ಇತ್ತು. ಶ್ರುತಿ ಇಳಿಸಿದ್ದರಿಂದ ವಚನದ ಒಂದು ನುಡಿ ಮಂದ್ರದಲ್ಲಿ ಯಾರಿಗೂ ಎಟುಕದಾಯಿತು. ಅದನ್ನು ಬಿಟ್ಟೆ.

ಆಮೇಲೆ ಉಸಿರು. ಹದಿನಾಲ್ಕು ಜನರನ್ನು ಏಳು ಜೋಡಿ ಮಾಡಿದೆ. ಜೋಡಿಯವರು ಸೆರಗಿನ ಹಿಂದೆ ಕೈ ಹಿಡಿದುಕೊಳ್ಳಬೇಕು. ಉಸಿರು ಬೇಕಾದವಳು ಕೈ ಒತ್ತಬೇಕು. ಒತ್ತಿಸಿಕೊಂಡವಳು ಏನಾದರೂ ಆಗಲಿ, ಸಾಲು ಬಿಡಬಾರದು. ಸಾಲಿನ ಕೊನೆಯಲ್ಲಿ ಉಸಿರು ನಿಷೇಧ. ಸಾಲಿನ ನಡುವೆ, ಸ್ವರಾಕ್ಷರ ಎಳೆಯುವಲ್ಲಿ ಮಾತ್ರ. ಮೊದಲ ಗಂಟೆ ಬರೀ ನಗು, ಕೆಮ್ಮು. ಇಬ್ಬರೂ ಒಟ್ಟಿಗೆ ಒತ್ತಿ ಇಬ್ಬರೂ ಬಿಡುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಒಂದು ನುಡಿ ತುಂಡಾಗದೆ ಹೋಯಿತು. ಮರುದಿನ ಪೂರ್ತಿ ವಚನ.

ಮಾಸ್ತರರಿಗೆ ನಾನೇ ಹೋಗಿ ಹೇಳಿದೆ. ಅವರು ಬರೆದ ಹಾಳೆಗಳನ್ನು ಹಿಂದಿರುಗಿಸಲು ಹೋದಾಗ ತೆಗೆದುಕೊಳ್ಳಲಿಲ್ಲ.

"ನೀವು ತಪ್ಪು ಮಾಡುತ್ತಿದ್ದೀರಿ ಅನ್ನಿಸುತ್ತದೆ," ಎಂದರು. "ಆದರೆ ಮೇಳ ನಿಮ್ಮದು."

ಇನ್ನು ಸೊಸೆ. ಅವಳು ಪಿಸುದನಿಯಲ್ಲಿ, "ನನ್ನ ಬಿಟ್ಟು ಹಾಡ್ರಿ, ಮನ್ಯಾಗೇ ಇರ್ತೀನಿ," ಎಂದಳು. ನನಗೂ ಅದೇ ಸರಿ ಎನ್ನಿಸಿತ್ತು. ಆದರೆ ಅತ್ತೆ ಕೇಳಲಿಲ್ಲ.

"ಸಮುದ್ರ ದಾಟಿ ಬಂದು ಕೋಣ್ಯಾಗ ಕೂಡ್ತೀಯೇನು?" ಎಂದರು. "ಬಾಯಿ ಹೋದ್ರೆ ಹೋತು, ಕೈ ಅದಾವಲ್ಲ. ತಾಳ ಹಿಡ್ಕಂಡು ನಡುವೆ ನಿಂತ್ಕ. ಎಲ್ರಿಗೂ ಕಾಣಂಗೆ ನಿಂತ್ಕ."

"ನೀವೂ ಬರ್ರಿ ಅಮ್ಮಾ, ಹಿಂದಿನ ಸಾಲಿಗೆ," ಎಂದೆ. ಅವರಿಗೂ ಒಳ್ಳೆಯ ಕೆಳದನಿ ಇತ್ತು.

"ನಾನು ಬ್ಯಾಡ. ನನ್ನ ದನಿ ನಮ್ಮನಿ ದೇವರಿಗೆ ಸಾಕು. ನಾನು ನೋಡಾಕೆ ಬಂದೋಳು, ನೋಡ್ತೀನಿ."

*

ದೊಡ್ಡ ಬಿಳಿ ಡೇರೆ. ಒಳಗೆ ತಲೆಗಳ ಸಮುದ್ರ. ನಮಗಿಂತ ಮೊದಲು ಹಾಡಿದ ಮೇಳ ಮೂವತ್ತು ನಲವತ್ತು ಜನರದ್ದು. ಅವರ ಕೊನೆಯ ಸ್ವರಕ್ಕೆ ಡೇರೆಯ ಬಟ್ಟೆ ನಡುಗಿದಂತಾಯಿತು. ಆಮೇಲೆ ನಾವು. ಇಳಕಲ್ ಸೀರೆ ಉಟ್ಟ ಹದಿನಾಲ್ಕು ಹೆಂಗಸರು ಅರ್ಧಚಂದ್ರದಂತೆ ನಿಂತರು, ನಡುವೆ ತಾಳ ಹಿಡಿದ ಸೊಸೆ. ಕೇಳುಗರ ಮುಂದಿನ ಸಾಲಿನಲ್ಲಿ ಅತ್ತೆ, ಅವರ ಒಂದು ಬದಿಗೆ ಮನೆಯಾಕೆ, ಇನ್ನೊಂದು ಬದಿಗೆ ಟೋಪಿ ಮಡಿಲಲ್ಲಿಟ್ಟುಕೊಂಡ ಗಣಿಯಾತ. ಊರಿನ ಬೇರೆ ಬೇರೆ ಮೂಲೆಗಳಿಂದ ನಮ್ಮ ಹುಡುಗಿಯರ ಆತಿಥೇಯರೆಲ್ಲ ಬಂದಿದ್ದರು. ತಂತಮ್ಮ ಮನೆಯ ಹುಡುಗಿಯನ್ನು ಪಕ್ಕದವರಿಗೆ ಬೆರಳು ಮಾಡಿ ತೋರಿಸುತ್ತಿದ್ದರು.

ಪೇಟಿಯಲ್ಲಿ ಕರಿ ಮೂರನ್ನು ಒಮ್ಮೆ ಒತ್ತಿ ಬಿಟ್ಟೆ. ಆಮೇಲೆ ಪೇಟಿ ಮುಟ್ಟಲಿಲ್ಲ. ಕೈ ಎತ್ತಿದೆ.

ಮೊದಲ ಸಾಲು ಹೊರಟಿತು. ನನ್ನ ಬೆನ್ನಿನ ಹಿಂದೆ ಜನ ಕಾಯುತ್ತಿದ್ದಾರೆಂದು ನನಗೆ ಗೊತ್ತಾಗುತ್ತಿತ್ತು: ಎರಡನೆಯ ಎಳೆ ಯಾವಾಗ ಬರುತ್ತದೆ, ಮೂರನೆಯದು ಯಾವಾಗ? ಬರಲಿಲ್ಲ. ಬದಲಿಗೆ ಆ ಒಂದೇ ಎಳೆ ನಿಲ್ಲಲೂ ಇಲ್ಲ. ಎರಡನೆಯ ಸಾಲಿಗೆ, ಮೂರನೆಯ ಸಾಲಿಗೆ, ಹೊಳೆ ತಿರುವಿನಲ್ಲಿ ತಿರುಗುವಂತೆ ತಿರುಗುತ್ತ ಹೋಯಿತು. ಸೆರಗುಗಳ ಹಿಂದೆ ಕೈಗಳು ಒತ್ತುತ್ತಿದ್ದುದು ನನಗೆ ಮಾತ್ರ ಭುಜಗಳ ಅಲುಗಾಟದಲ್ಲಿ ಕಾಣುತ್ತಿತ್ತು. ಗಮಕಗಳು ಹದಿನಾಲ್ಕು ಗಂಟಲುಗಳಲ್ಲೂ ಒಂದೇ ಅಳತೆಗೆ ಜಾರಿದವು. ಬೀಸೋ ಪದಕ್ಕೆ ಬಂದಾಗ ಹದಡಿಯ ಹುಡುಗಿ ಮುಖವೆತ್ತಿ, ತನ್ನೂರಿನ ಪಡಸಾಲೆಯಲ್ಲಿ ಕೂತು ಬೀಸುತ್ತಿರುವಂತೆ ಹಾಡುತ್ತಿದ್ದಳು. ಸೊಸೆಯ ತಾಳ ಒಮ್ಮೆಯೂ ಹಿಂದೆ ಬೀಳಲಿಲ್ಲ. ಹಾಡು ಮುಗಿದಾಗ ನನ್ನ ಕೈ ಗಾಳಿಯಲ್ಲೇ ಇತ್ತು. ಆಮೇಲೆ ಚಪ್ಪಾಳೆ ನಿಲ್ಲಲಿಲ್ಲ.

ನಮಗೆ ಬಂದದ್ದು ಮೂರನೆಯ ಸ್ಥಾನ. ತೀರ್ಪು ಓದಿದವರು ಹೇಳಿದ ಒಂದು ಮಾತನ್ನು ನಾನು ಅಲ್ಲೇ ನಿಂತು ಅತ್ತೆಗೆ ಕನ್ನಡದಲ್ಲಿ ಹೇಳಿದೆ: "ಈ ಹೆಂಗಸರು ಎಲ್ಲಿ ಉಸಿರೆಳೆದರು ಅಂತ ಪೂರ್ತಿ ಹಾಡಿನಲ್ಲಿ ಹುಡುಕಿದರಂತೆ. ಸಿಗಲಿಲ್ಲವಂತೆ."

"ಹುಡುಕ್ಲಿ ಬಿಡ್ರಿ," ಎಂದರು ಅತ್ತೆ. ಕಣ್ಣು ಒರೆಸಿಕೊಳ್ಳುತ್ತಿದ್ದರು.

ಡೇರೆಯ ಹೊರಗೆ ಬಿಳಿ ಮೀಸೆಯ ಮಾಸ್ತರರು ಕಾದಿದ್ದರು. ನನ್ನ ಕೈಯನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡು, "ನನ್ನ ಮಾತು ಕೇಳಿದ್ದರೆ ನಿಮಗೆ ಐದನೆಯದೋ ಆರನೆಯದೋ ಬರುತ್ತಿತ್ತು," ಎಂದರು. "ನಮ್ಮ ಉಸಿರನ್ನು ಕದ್ದಿರಿ, ಅಲ್ಲವೇ?"

"ಕೇಳದೆ ತೆಗೆದುಕೊಂಡೆ," ಎಂದೆ.

"ಅದನ್ನು ಇಟ್ಟುಕೊಳ್ಳಿ," ಎಂದರು.

ಹೊರಡುವ ದಿನ ಅತ್ತೆ ತಮ್ಮ ಹೆಂಚನ್ನು ಆ ಅಡುಗೆಮನೆಯಲ್ಲೇ ಬಿಟ್ಟು ಬಂದರು. ಮನೆಯಾಕೆ ಅದಾಗಲೇ ಗೋಧಿಹಿಟ್ಟಿನಲ್ಲಿ ಏನೋ ಬಡಿಯಲು ಕಲಿತಿದ್ದರು. ಅದು ರೊಟ್ಟಿಯಲ್ಲ, ಆದರೆ ಅತ್ತೆ ತಪ್ಪು ಹುಡುಕಲಿಲ್ಲ. ರೈಲು ಚಲಿಸಿದಾಗ ಆ ಇಬ್ಬರು ಹೆಂಗಸರು ತಂತಮ್ಮ ಭಾಷೆಯಲ್ಲಿ ಕೂಗಿಕೊಂಡದ್ದು ನನಗೆ ಒಂದೂ ಕೇಳಿಸಲಿಲ್ಲ.

*

ದಾವಣಗೆರೆಯಲ್ಲಿ ನಮಗೆ ಸನ್ಮಾನ ಏರ್ಪಾಟಾಗಿತ್ತು. ಸಭಾಂಗಣ ತುಂಬಿತ್ತು. ಹರಿಹರದಿಂದ ಕಾಳಿನ ವರ್ತಕರು ಮನೆಯವರನ್ನೆಲ್ಲ ಕರೆದುಕೊಂಡು ಬಂದಿದ್ದರು. ಹದಡಿಯ ಹುಡುಗಿಯ ಅಪ್ಪ ಹಿಂದೆ ಗೋಡೆಗೆ ಒರಗಿ ನಿಂತಿದ್ದ. ವೇದಿಕೆಯ ಮೇಲೆ ಮಾತಾಡಬೇಕಾದ ದೊಡ್ಡವರು ಬಹಳ ಜನರಿದ್ದರು. ಒಬ್ಬೊಬ್ಬರೂ ಊರಿನ ಕೀರ್ತಿಯ ಬಗ್ಗೆ ಮಾತಾಡಿದರು. ಹಾರ ಹಾಕಿದರು, ಶಾಲು ಹೊದಿಸಿದರು. ಕೊನೆಗೆ ಅಧ್ಯಕ್ಷರು ಗಡಿಯಾರ ನೋಡಿ, "ಟೈಮ್ ಆಗೈತೆ, ಮೇಳದವರು ಒಂದೇ ಒಂದು ನುಡಿ ಹಾಡಿ ಮುಗಿಸ್ಲಿ," ಎಂದರು.

ಮುಂದಿನ ಸಾಲಿನಿಂದ ಅತ್ತೆ ಎದ್ದು ನಿಂತರು.

"ಯಾಕ್ರೀ, ಒಂದು ನುಡಿ?" ಎಂದರು. ದನಿ ಎತ್ತರಿಸಲಿಲ್ಲ, ಆದರೂ ಹಾಲಿಗೆಲ್ಲ ಕೇಳಿತು. "ನೀವು ಇಷ್ಟೊತ್ತು ಮಾತಾಡಿದ್ರಿ, ನಾವು ಕೂತು ಕೇಳಿದ್ವಿ. ಅಲ್ಲಿ ಪರದೇಶದವರು ಪೂರ್ತಿ ಕೇಳಿದ್ರು. ನಮ್ಮೂರಾಗ ಅರ್ಧ ಕೇಳಿ ಎದ್ದು ಹೋಗ್ತೀರೇನು? ಕೂಡ್ರಿ."

ಅಧ್ಯಕ್ಷರು ಕೂತರು. ಅವರ ಹಿಂದೆಯೇ ವೇದಿಕೆಯ ಮೇಲೆ ಏಳುತ್ತಿದ್ದವರೆಲ್ಲ ಕೂತರು.

ಮೇಳ ನಿಂತುಕೊಂಡಿತು. ಸೊಸೆಯ ದನಿ ಹಡಗಿನಲ್ಲೇ ಮರಳಿತ್ತು. ಅವಳು ತಾಳವನ್ನು ಪಕ್ಕಕ್ಕಿಟ್ಟು ಸಾಲಿಗೆ ಸೇರಿದಳು. ಎತ್ತಿಕೊಡುವ ಜಾಗಕ್ಕೆ ಬರಲಿಲ್ಲ, ಉಳಿದವರ ನಡುವೆಯೇ ನಿಂತಳು. ಶ್ರುತಿಯನ್ನು ಮತ್ತೆ ಕರಿ ನಾಲ್ಕಕ್ಕೆ ಏರಿಸಿದ್ದೆವು, ಬಿಟ್ಟ ನುಡಿಯನ್ನು ಮತ್ತೆ ಸೇರಿಸಿದ್ದೆವು. ನಾನು ಎಂದಿನಂತೆ ಎದುರಿಗೆ ಹೋಗಿ ನಿಂತೆ. ಹದಿನೈದು ಮುಖಗಳನ್ನು ನೋಡಿದೆ. ಅವರು ನನ್ನ ಕೈಯನ್ನು ನೋಡುತ್ತಿರಲಿಲ್ಲ. ಒಬ್ಬರನ್ನೊಬ್ಬರು ನೋಡಿಕೊಳ್ಳುತ್ತಿದ್ದರು, ಕೈಗಳು ಆಗಲೇ ಸೆರಗಿನ ಹಿಂದೆ ಸೇರಿದ್ದವು.

ನಾನು 'ಸಾ' ಒಂದನ್ನು ಕೊಟ್ಟು, ಕೆಳಗಿಳಿದು, ಅತ್ತೆಯ ಪಕ್ಕದ ಖಾಲಿ ಕುರ್ಚಿಯಲ್ಲಿ ಕೂತೆ. ಆ ಮೇಳವನ್ನು ಕಟ್ಟಿದ ಮೇಲೆ ನಾನು ಅದನ್ನು ಎದುರಿಗೆ ಕೂತು ಕೇಳಿರಲಿಲ್ಲ. ಅವರು ತಾವೇ ಹಾಡು ಎತ್ತಿಕೊಂಡರು.